ಕಾರಿನ ಕ್ಯಾಮೆರಾಕ್ಕೆ ಬೇಕಾದ ಕೊನೆಯ ಮೂರು ಸೆಕೆಂಡು

ಕಳೆದ ಮೇ ತಿಂಗಳಲ್ಲಿ ಅಕ್ಕನ ಮಗ ಕಾರಿನ ಗಾಜಿಗೆ ಅಂಟಿಸಿದ್ದ, ರಸ್ತೆಯ ವಿಡಿಯೊ ಹಿಡಿಯುವ ಡ್ಯಾಶ್‌ಕ್ಯಾಮ್ ಕಿತ್ತು ತಂದು ನನ್ನ ಕೈಗಿಟ್ಟ. "ಮಾಮಾ, ಇದು ಉಬ್ಬ್ಯಾದ ನೋಡ್ರಿ" ಅಂದ. ಹಿಂದಿನ ಮುಚ್ಚಳ ಪೂರಿಯಂತೆ ಉಬ್ಬಿತ್ತು. ಬದಿಯ ಸಂದಿ ಉಗುರು ಹೋಗುವಷ್ಟು ಬಾಯಿ ಬಿಟ್ಟಿತ್ತು. ಅದಕ್ಕೂ ಒಂದು ವಾರ ಮೊದಲು ಸೇಡಂ ರಸ್ತೆಯಲ್ಲಿ ಲಾರಿಯೊಂದು ಅವನ ಕಾರಿನ ಬಾಗಿಲು ಸವರಿಕೊಂಡು ಹೋಗಿತ್ತು. ಗಾಬರಿಯಲ್ಲಿ ಗಾಡಿ ಬದಿಗೆ ಹಾಕಿ ತಕ್ಷಣ ಕೀ ಆಫ್ ಮಾಡಿದ್ದ. ಮನೆಗೆ ಬಂದು ನೋಡಿದರೆ ಆ ಹೊತ್ತಿನ ಫೈಲು ಕಾರ್ಡ್‌ನಲ್ಲಿದೆ, ಆದರೆ ತೆರೆಯುವುದೇ ಇಲ್ಲ.

"ಕಂಪನಿಯಿಂದಲೇ ಕ್ಯಾಮೆರಾ ಬಂದಿರೋ ಗಾಡಿ ತಗೋಬೇಕಿತ್ರಿ" ಅಂತ ಅವನ ಕೊರಗು. ಸುತ್ತಮುತ್ತ ಎಲ್ಲರದ್ದೂ ಇದೇ ಮಾತು. ಕಂಪನಿ ಫಿಟಿಂಗ್ ಅಂದರೆ ಒಳ್ಳೆಯದು, ಹೊರಗಡೆ ಹಾಕಿಸಿದ್ದು ಅಂದರೆ ಡಬ್ಬಾ. ಈ ಮಾತು ಕೇಳಿದರೆ ನನಗೆ ಸುಮ್ನೆ ಕೂರಲು ಆಗುವುದಿಲ್ಲ. ಕಲಬುರಗಿಯ ಬಿಸಿಲಿನಲ್ಲಿ ಕೇಳಬೇಕಾದ ಪ್ರಶ್ನೆ ಅದಲ್ಲ. ಕ್ಯಾಮೆರಾದ ಹೊಟ್ಟೆಯಲ್ಲಿ ಬ್ಯಾಟರಿ ಇದೆಯಾ, ಸ್ವಲ್ಪ ಹೊತ್ತಿಗಾಗುವಷ್ಟು ಕರೆಂಟು ಹಿಡಿದಿಡುವ ಸೂಪರ್ ಕೆಪಾಸಿಟರ್ ಇದೆಯಾ? ಅದನ್ನು ಕೇಳಬೇಕು.

ಕ್ಯಾಮೆರಾ ನಡೆಯುವುದು ಕಾರಿನ ಕರೆಂಟಿನಲ್ಲಿ ಅಲ್ವಾ, ಅದಕ್ಕೆ ಸ್ವಂತ ಬ್ಯಾಟರಿ ಯಾಕೆ? ಕೊನೆಯ ಎರಡು ಮೂರು ಸೆಕೆಂಡಿಗೋಸ್ಕರ. ನಮ್ಮೂರಿನ ದಾಲ್ ಮಿಲ್ ನೆನಪಿಸಿಕೊಳ್ಳಿ. ದಿನವಿಡೀ ತೊಗರಿ ಚೀಲ ಬಂದು ಬೀಳುತ್ತಾ ಇರುತ್ತವೆ, ಸಂಜೆ ಗುಮಾಸ್ತ ಕೂತು ಯಾವ ಚೀಲ ಎಲ್ಲಿದೆ, ಯಾರದ್ದು ಅಂತ ಖಾತೆ ಬರೆಯುತ್ತಾನೆ ಅಂದುಕೊಳ್ಳಿ. ಖಾತೆ ಬರೆಯುವ ಮೊದಲೇ ಅವನು ಎದ್ದು ಹೋದರೆ ಚೀಲಗಳೆಲ್ಲ ಅಲ್ಲೇ ಇರುತ್ತವೆ, ಆದರೆ ಲೆಕ್ಕ ಹತ್ತುವುದಿಲ್ಲ. ಸಾಮಾನ್ಯ ಎಂಪಿ4 ಫೈಲೂ ಹಾಗೆಯೇ. ಯಾವ ದೃಶ್ಯ ಎಲ್ಲಿದೆ ಅನ್ನುವ ಪಟ್ಟಿಯನ್ನು ಕ್ಯಾಮೆರಾ ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ದೃಶ್ಯ ಇದ್ದರೂ ಪ್ಲೇ ಆಗುವುದಿಲ್ಲ. ಅಪಘಾತದಲ್ಲಿ ನಮಗೆ ಬೇಕಾಗುವುದೇ ಆ ಕೊನೆಯ ತುಣುಕು!

ಈಗ ನಮ್ಮ ಬಿಸಿಲಿನ ಮಾತು. ಹೊರಗೆ 43 ಡಿಗ್ರಿ ಇರುವ ಮಧ್ಯಾಹ್ನ ಶರಣಬಸವೇಶ್ವರ ಗುಡಿಯ ಹತ್ತಿರ ನೆರಳಿಲ್ಲದ ಕಡೆ ಗಾಡಿ ನಿಲ್ಲಿಸಿ ಒಂದು ತಾಸು ಬಿಟ್ಟು ಬನ್ನಿ. ಕಪ್ಪು ಡ್ಯಾಶ್‌ಬೋರ್ಡ್ 70 ಡಿಗ್ರಿ ದಾಟಿರುತ್ತದೆ. ಸಾಮಾನ್ಯ ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ನಾವು ಕೀ ತಿರುಗಿಸಿದ ಕೂಡಲೇ ಕ್ಯಾಮೆರಾ ಮಾಡುವ ಮೊದಲ ಕೆಲಸವೇ ಅದು. ಒಳಗಿನ ರಾಸಾಯನಿಕಗಳು ಒಡೆದು ಗ್ಯಾಸ್ ಆಗುತ್ತವೆ, ಬ್ಯಾಟರಿ ಉಬ್ಬುತ್ತದೆ, ಕೊನೆಗೆ ಆ ಮೂರು ಸೆಕೆಂಡಿಗೂ ಅದರಲ್ಲಿ ಶಕ್ತಿ ಉಳಿಯುವುದಿಲ್ಲ.

ಸೂಪರ್ ಕೆಪಾಸಿಟರ್ ಬೇರೆ ಜಾತಿ. ಬ್ಯಾಟರಿ ಅಂದರೆ ನಮ್ಮ ಹಗೇವು, ನೆಲದೊಳಗಿನ ಕಾಳಿನ ಗುಂಡಿ. ಜೋಳದ ಚೀಲ ಹೊತ್ತು ಒಳಗಿಳಿಸಬೇಕು, ಬೇಕಾದಾಗ ಇಳಿದು ತೆಗೆಯಬೇಕು. ಬಹಳ ಹಿಡಿಯುತ್ತದೆ, ಆದರೆ ನಿಧಾನ, ಒಳಗಿನ ಹವೆ ಕೆಟ್ಟರೆ ಕಾಳೂ ಕೆಡುತ್ತದೆ. ಬ್ಯಾಟರಿಯಲ್ಲಿ ಲಿಥಿಯಂ ಅಯಾನುಗಳು, ಅಂದರೆ ವಿದ್ಯುತ್ ಹೊತ್ತ ಕಣಗಳು, ಗ್ರಾಫೈಟ್ ಪದರಗಳ ಒಳಗೆ ಹೀಗೇ ಇಳಿದು ಕೂರುತ್ತವೆ. ಸೂಪರ್ ಕೆಪಾಸಿಟರ್ ಅಂದರೆ ಬೇವಿನ ಮರದ ಕೆಳಗಿನ ಕಟ್ಟೆ. ಬಂದವರು ಮೇಲೆ ಕೂರುತ್ತಾರೆ, ಕರೆದರೆ ಎದ್ದು ಹೊರಡುತ್ತಾರೆ. ಅಲ್ಲಿ ಅಯಾನುಗಳು ಇಂಗಾಲದ ಮೈಮೇಲೆ ಅಂಟಿ ನಿಲ್ಲುತ್ತವೆ ಅಷ್ಟೇ, ರಾಸಾಯನಿಕ ಕ್ರಿಯೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾದರೆ ಕಟ್ಟೆ ಎಷ್ಟು ದೊಡ್ಡದು? ಆ ಇಂಗಾಲದ ತುಂಬ ಸಣ್ಣ ಸಣ್ಣ ತೂತು, ಒಂದು ಗ್ರಾಂ ಇಂಗಾಲದ ಮೇಲ್ಮೈ 1000 ಚದರ ಮೀಟರಿಗೂ ಜಾಸ್ತಿ! ಆದರೂ ಕಿಲೋಗೆ 5ರಿಂದ 10 ವ್ಯಾಟ್-ಗಂಟೆ ಮಾತ್ರ ಹಿಡಿಯುತ್ತದೆ, ಲಿಥಿಯಂ ಬ್ಯಾಟರಿ 150ರ ಮೇಲೆ ಹಿಡಿಯುತ್ತದೆ. ನಮಗೆ ಬೇಕಿರುವುದು ಮೂರು ಸೆಕೆಂಡು ತಾನೆ. 65-70 ಡಿಗ್ರಿ ತಡೆಯುತ್ತದೆ, ಲಕ್ಷಗಟ್ಟಲೆ ಸಲ ತುಂಬಿ ಖಾಲಿ ಮಾಡಬಹುದು.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. "ಬ್ಯಾಟರಿ" ಅನ್ನುವ ಹೆಸರು ವಿದ್ಯುತ್ತಿಗೆ ಮೊದಲು ಬಂದದ್ದೇ ಕೆಪಾಸಿಟರುಗಳಿಂದ. 1749ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ 11 ಗಾಜಿನ ಹಲಗೆಗಳಿಗೆ ಸೀಸದ ತಗಡು ಹಚ್ಚಿ ಸಾಲಾಗಿ ಜೋಡಿಸಿ ಅದನ್ನು ಬ್ಯಾಟರಿ ಅಂತ ಕರೆದ. ಆ ಕಾಲಕ್ಕೆ ಆ ಪದದ ಅರ್ಥ ತೋಪುಗಳ ಸಾಲು. ನಮ್ಮ ಕೋಟೆಯ ಮೇಲಿನ ಬಾರಾ ಗಜ್ ತೋಪ್ ಪಕ್ಕ ನಿಂತಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ವೋಲ್ಟಾನ ರಾಸಾಯನಿಕ ಬ್ಯಾಟರಿ ಬಂದದ್ದು ಇದಾಗಿ ಐವತ್ತು ವರ್ಷದ ಮೇಲೆ, 1800ರಲ್ಲಿ.

ಕಂಪನಿ ಕ್ಯಾಮೆರಾಕ್ಕೆ ಅನುಕೂಲ ಇಲ್ಲ ಅಂತಲ್ಲ. ಅದನ್ನು ಕಾರಿನ ವೈರಿಂಗಿಗೇ ಜೋಡಿಸಿರುತ್ತಾರೆ, ಹಾಗಾಗಿ ಕೀ ತೆಗೆದ ಮೇಲೂ ಸ್ವಲ್ಪ ಹೊತ್ತು ಕರೆಂಟು ಕೊಡುವುದು ಸುಲಭ. ಕನ್ನಡಿಯ ಹಿಂದೆ, ವೈಪರ್ ಒರೆಸುವ ಜಾಗದಲ್ಲಿ ಕೂತರೆ ಧೂಳಿನ ಕಾಟವೂ ಕಡಿಮೆ. ಆದರೆ ಕೆಟ್ಟರೆ ಅಂಗಡಿಗೆ ಹೋಗಿ ಬೇರೆ ತಂದು ಅಂಟಿಸಲಾಗುವುದಿಲ್ಲ. ಹೊರಗಡೆಯದಕ್ಕೂ ಫ್ಯೂಸ್ ಬಾಕ್ಸಿನಿಂದ ವೈರ್ ಎಳೆಸಬಹುದು.

ಇನ್ನು ಗಾಜಿನ ಮೇಲೆ ಕ್ಯಾಮೆರಾ ಕಂಡ ಮಾತ್ರಕ್ಕೆ ಅದು ರೆಕಾರ್ಡ್ ಮಾಡುತ್ತದೆ ಅಂತ ತಿಳಿಯಬೇಡಿ. ಲೇನ್ ನೋಡಿ ಎಚ್ಚರಿಸುವ ಅಡಾಸ್ ಕ್ಯಾಮೆರಾ ಎಷ್ಟೋ ಗಾಡಿಗಳಲ್ಲಿ ರಸ್ತೆ ನೋಡುತ್ತದೆ, ಏನನ್ನೂ ಉಳಿಸಿಡುವುದಿಲ್ಲ. ಕೋರ್ಟಿನಲ್ಲಿ ಕಂಪನಿ ಕ್ಯಾಮೆರಾದ ವಿಡಿಯೊ ಮಾತ್ರ ನಡೆಯುತ್ತದೆ ಅನ್ನುವುದೂ ಸುಳ್ಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವುದು ಪ್ರಮಾಣಪತ್ರವನ್ನು, ಕ್ಯಾಮೆರಾ ಯಾರು ಕೂರಿಸಿದರು ಅಂತಲ್ಲ. ನನಗೆ ನಿಜಕ್ಕೂ ಚಿಂತೆ ಹುಟ್ಟಿಸುವುದು ಬೇರೆ. ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಹಾಗೆ ಕ್ಯಾಮೆರಾವನ್ನೂ ತಾಯತ ಮಾಡಿಬಿಟ್ಟಿದ್ದಾರೆ. ಕಟ್ಟಿದರೆ ಮುಗಿಯಿತು, ಕಾರ್ಡ್ ತೆಗೆದು ಒಂದು ಸಲವೂ ನೋಡುವುದಿಲ್ಲ.

ಹುಡುಗನಿಗೆ ಕೆಪಾಸಿಟರ್ ಇರುವ ಕ್ಯಾಮೆರಾ ಕೊಡಿಸಿದೆ. ಕಾರ್ಡೂ ಹೊಸದು, ಪದೇ ಪದೇ ಬರೆದು ಅಳಿಸುವುದನ್ನು ತಾಳುವಂಥದ್ದು. ಮೊದಲ ದಿನ ಮನೆ ಮುಂದೆ ಕೀ ಆಫ್ ಮಾಡಿಸಿ ಇಬ್ಬರೂ ಗಾಜಿನ ಕಡೆ ನೋಡುತ್ತಾ ಕೂತೆವು. ಕಾರು ಸುಮ್ಮನಾಯಿತು. ಕ್ಯಾಮೆರಾದ ಸಣ್ಣ ಕೆಂಪು ದೀಪ ಮಾತ್ರ ಉರಿಯುತ್ತಲೇ ಇತ್ತು. ಹುಡುಗ ಒಂದು, ಎರಡು, ಮೂರು ಅಂತ ಎಣಿಸಿದ. ಆಮೇಲೆ ಆರಿತು. ಕಾರ್ಡ್ ತೆಗೆದು ಫೋನಿಗೆ ಹಾಕಿದರೆ ಕೊನೆಯ ಫೈಲು ತೆರೆಯಿತು. ನಮ್ಮ ಮನೆಯ ಗೇಟು, ಗೇಟಿನ ಮೇಲೆ ಕೂತ ಗುಬ್ಬಿ, ಎಲ್ಲ ಇತ್ತು.