ಲಾಗ್‌ಬುಕ್ಕಿನ ಗಂಟೆ, ಕಾಕ್‌ಪಿಟ್ಟಿನ ಮಾತು

ಮಗನನ್ನೋ ಮಗಳನ್ನೋ ಪೈಲಟ್ ಮಾಡಬೇಕೆಂದು ಹೊರಟ ಹಾಸನ, ಚಿಕ್ಕಮಗಳೂರು ಕಡೆಯ ತಂದೆತಾಯಿಯರು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಖರ್ಚೆಷ್ಟು? ಎಷ್ಟು ಗಂಟೆ ಹಾರಿದರೆ ಕೆಲಸ? ಮೊದಲನೆಯದಕ್ಕೆ ಉತ್ತರ ಸುಲಭ. ಎಲ್ಲ ಸೇರಿದರೆ ಅರ್ಧ ಕೋಟಿ ದಾಟುತ್ತದೆ, ಎಷ್ಟೋ ಮನೆಗಳಲ್ಲಿ ಅದಕ್ಕೆ ಕಾಫಿ ತೋಟದ ಪಹಣಿ ಬ್ಯಾಂಕಿಗೆ ಹೋಗುತ್ತದೆ. ಎರಡನೆಯ ಪ್ರಶ್ನೆಯೇ ತಪ್ಪು. ಗಂಟೆಯ ಸಂಖ್ಯೆ ಪೈಲಟ್ಟಿನ ಬಗ್ಗೆ ಹೇಳುವುದು ಬಹಳ ಕಡಿಮೆ. ಆ ಗಂಟೆಗಳು ಎಂಥವು, ಎಲ್ಲಿ ಹಾರಿದವು, ಪಕ್ಕದಲ್ಲಿ ಯಾರಿದ್ದರು ಎಂಬುದನ್ನು ಕೇಳಬೇಕು.

ಸಣ್ಣ ವಿಮಾನಗಳ ನಂಟು ಈ ಕಡೆಯವರಿಗೆ ಹೊಸದಲ್ಲ. 2003ರಲ್ಲಿ ಎಟಿಆರ್ ವಿಮಾನದೊಂದಿಗೆ ಬೆಂಗಳೂರು–ಹುಬ್ಬಳ್ಳಿ ನಡುವೆ ಏರ್ ಡೆಕ್ಕನ್ ಶುರುಮಾಡಿದ ಕ್ಯಾಪ್ಟನ್ ಗೋಪಿನಾಥ್ ನಮ್ಮ ಗೊರೂರಿನವರು (ಅವರ ಕ್ಯಾಪ್ಟನ್ ಪದವಿ ಸೇನೆಯದ್ದು, ಕಾಕ್‌ಪಿಟ್ಟಿನದ್ದಲ್ಲ). 2023ರ ಫೆಬ್ರವರಿಯಲ್ಲಿ 3.2 ಕಿ.ಮೀ. ರನ್‌ವೇಯ ಶಿವಮೊಗ್ಗ ನಿಲ್ದಾಣ ತೆರೆಯಿತು. ಬೂವನಹಳ್ಳಿಯ ವಿಮಾನ ನಿಲ್ದಾಣದ ಮಾತನ್ನಂತೂ ಹಾಸನದವರು ವರ್ಷಗಟ್ಟಲೆಯಿಂದ ಕೇಳುತ್ತಲೇ ಇದ್ದಾರೆ. ಇಂಥ ಊರುಗಳಿಗೆ ಬರುವುದು ಹೆಚ್ಚಾಗಿ ಎಪ್ಪತ್ತು ಚಿಲ್ಲರೆ ಸೀಟಿನ, ಎರಡು ಪ್ರೊಪೆಲ್ಲರಿನ ಎಟಿಆರ್ 72. ಅದರ ಬಲಗಡೆ, ಅಂದರೆ ಕೋ-ಪೈಲಟ್ ಸೀಟಿನಲ್ಲಿ ಕೂರುವವರಲ್ಲಿ ಹಲವರಿಗೆ ಅದು ಮೊದಲ ಕೆಲಸ.

ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಿರಬೇಕು. ಅದರಲ್ಲಿ 100 ಗಂಟೆ ತಾನೇ ಕಮಾಂಡಿನಲ್ಲಿರಬೇಕು. ಊರಿಂದೂರಿಗೆ ಹಾರಿದ್ದು 20 ಗಂಟೆ, ಅದರೊಳಗೆ 300 ನಾಟಿಕಲ್ ಮೈಲಿಯ ಒಂದು ದೊಡ್ಡ ಸುತ್ತು. ರಾತ್ರಿ 5 ಗಂಟೆ, ಹತ್ತು ಸಲ ಏರಿ ಹತ್ತು ಸಲ ಇಳಿದಿರಬೇಕು. ಏರ್‌ಲೈನ್ ಕೇಳುವ ಇನ್‌ಸ್ಟ್ರುಮೆಂಟ್ ರೇಟಿಂಗಿಗೆ ಉಪಕರಣ ನೋಡಿಯೇ ಹಾರಿದ 40 ಗಂಟೆ ಬೇಕು, ಅದರಲ್ಲಿ 20ರವರೆಗೆ ಸಿಮ್ಯುಲೇಟರಿನಲ್ಲಿ ಮಾಡಬಹುದು. ಕಾಗದದ ಮೇಲೆ ಅಚ್ಚುಕಟ್ಟು. ಆದರೆ ಈ ಉಪಕರಣದ ಗಂಟೆಗಳನ್ನು ಬಹುತೇಕ ಶಾಲೆಗಳು ತಿಳಿಯಾದ ಆಕಾಶದಲ್ಲಿ, ವಿದ್ಯಾರ್ಥಿಯ ಹಣೆಗೆ ಮುಸುಕು ಹಾಕಿ ಮಾಡಿಸುತ್ತವೆ. ಹೀಗಾಗಿ ಒಂದು ನಿಜವಾದ ಮೋಡದೊಳಗೂ ಹೋಗದೆ ಲೈಸೆನ್ಸ್ ಕೈಗೆ ಬರುವುದು ಸಾಧ್ಯ. ಬಿ.ಎಂ. ರಸ್ತೆಯಲ್ಲಿ ಕಾರು ಕಲಿತವನ ಕೈಗೆ ಆಷಾಢದ ರಾತ್ರಿ ಚಾರ್ಮಾಡಿಯಲ್ಲಿ ಬಸ್ಸಿನ ಸ್ಟೀರಿಂಗ್ ಕೊಟ್ಟಂತೆ. ಕೊಡಬಾರದೆಂದಲ್ಲ. ಪಕ್ಕದಲ್ಲಿ ಯಾರು ಕೂರುತ್ತಾರೆ, ಎಷ್ಟು ದಿನ ಕೂರುತ್ತಾರೆ ಎಂಬುದು ಮುಖ್ಯ.

ಶಾಲೆ ಆರಿಸುವಾಗ ಬ್ರೋಷರ್ ಬದಿಗಿಟ್ಟು ಲೆಕ್ಕ ಹಾಕಿ. ಅರವತ್ತು ವಿದ್ಯಾರ್ಥಿಗಳಿದ್ದರೆ ತಲಾ 200ರಂತೆ 12,000 ಗಂಟೆ ಬೇಕು. ಹಾರುವ ಸ್ಥಿತಿಯಲ್ಲಿರುವ ವಿಮಾನ ಆರು, ಒಂದೊಂದೂ ವರ್ಷಕ್ಕೆ 600 ಗಂಟೆ ಹಾರುತ್ತದೆ ಎಂದಿಟ್ಟುಕೊಳ್ಳಿ. ಸಿಗುವುದು 3,600. ಅಂದರೆ ಮೂರು ವರ್ಷ ಮೀರಿತು, ಒಂದೂವರೆ ವರ್ಷದಲ್ಲಿ ಮುಗಿಸುತ್ತೇವೆ ಎಂದವರ ಮಾತು ಅಲ್ಲಿಗೇ ಬಿತ್ತು. ಹ್ಯಾಂಗರಿನಲ್ಲಿ ನಿಂತ ವಿಮಾನ ಎಣಿಸಬೇಡಿ, ಕಳೆದ ತಿಂಗಳು ಹಾರಿದವನ್ನು ಎಣಿಸಿ. ಪ್ರತಿ 50, 100 ಗಂಟೆಗೊಮ್ಮೆ ವಿಮಾನ ತಪಾಸಣೆಗೆ ನಿಲ್ಲುತ್ತದೆ, ಬಿಡಿಭಾಗ ಬರದಿದ್ದರೆ ಅಲ್ಲೇ ಕೂರುತ್ತದೆ. ಬೋಧಕರು ಎಷ್ಟು ಜನ, ರನ್‌ವೇಗೆ ರಾತ್ರಿ ದೀಪ ಇದೆಯೇ, ಮಳೆಗಾಲದಲ್ಲಿ ಎಷ್ಟು ದಿನ ಹಾರಾಟ ಬಂದ್ ಎಂಬುದನ್ನೂ ಕೇಳಿ.

ಹಣ ಕಟ್ಟುವ ಮೊದಲೇ ಆಗಬೇಕಾದ ಕೆಲಸ ವೈದ್ಯಕೀಯ ಪರೀಕ್ಷೆ. ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಅದಕ್ಕೆ ಬೆಂಗಳೂರಿನಲ್ಲಿ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ಬಣ್ಣಗುರುಡು ಇರುವುದು ಅರ್ಧ ಫೀಸು ಕಟ್ಟಿದ ಮೇಲೆ ಗೊತ್ತಾದರೆ ಆ ದುಡ್ಡು ವಾಪಸ್ ಬರುವುದಿಲ್ಲ.

ಗಂಟೆ ಬೇಗ ತುಂಬಬೇಕೆಂಬ ಆತುರ ಮನೆಯವರಿಗೆ, ಬ್ಯಾಚ್ ಬೇಗ ಹೊರಗೆ ಕಳಿಸಬೇಕೆಂಬ ಆತುರ ಶಾಲೆಗೆ. ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು. ಹೀಗೆ ಹುಟ್ಟಿದ್ದೇ ಪೈಲಟ್‌ಗಳು ತಮಾಷೆಯಾಗಿ ‘ಪಿ-51’ ಎನ್ನುವ ಗಂಟೆ. ಅದು ಯುದ್ಧವಿಮಾನದ ಹೆಸರೂ ಹೌದು, ಪಾರ್ಕರ್ 51 ಪೆನ್ನಿನ ಹೆಸರೂ ಹೌದು. ಆಕಾಶದಲ್ಲಿ ಹಾರದೆ ಪೆನ್ನಿನಲ್ಲಿ ಹಾರಿದ್ದು ಎಂದರ್ಥ. ಎಂಜಿನ್ನಿನ ಗಂಟೆ ಮೀಟರ್, ಇಂಧನದ ದಾಖಲೆ, ಕಂಟ್ರೋಲ್ ಟವರಿನ ದಾಖಲೆ ಮೂರನ್ನೂ ಹಾರಿದ ಗಂಟೆ ಬರೆದಿಡುವ ಲಾಗ್‌ಬುಕ್ಕಿನ ಪಕ್ಕ ಇಟ್ಟರೆ ಇದು ಸಿಕ್ಕಿಬೀಳುತ್ತದೆ. ಹಾಗೆ ಸಿಗದಿದ್ದರೆ ಒಂದು ದಿನ ಅಡ್ಡಗಾಳಿಯಲ್ಲಿ ರನ್‌ವೇ ಮೇಲೆ ಸಿಗುತ್ತದೆ.

ಗಂಟೆಯ ನಿಯಮದ ಮಿತಿ ಏನೆಂದು ಅಮೆರಿಕದ ಉದಾಹರಣೆ ಚೆನ್ನಾಗಿ ತೋರಿಸುತ್ತದೆ. 2009ರ ಫೆಬ್ರವರಿ 12ರಂದು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪನಿಯ ಕ್ಯೂ400 ವಿಮಾನ ಬಫಲೋ ಬಳಿ ಬಿದ್ದು 50 ಜನ ಸತ್ತರು. ವೇಗ ಕುಸಿದು ಸ್ಟಾಲ್ (ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾಗದ ಸ್ಥಿತಿ) ಎಚ್ಚರಿಕೆಗೆ ಕೈಯಲ್ಲಿದ್ದ ಕಂಟ್ರೋಲ್ ಕಾಲಂ ನಡುಗಿದಾಗ ಅದನ್ನು ಮುಂದಕ್ಕೆ ಒತ್ತಬೇಕಿದ್ದ ಕ್ಯಾಪ್ಟನ್ ಹಿಂದಕ್ಕೆ ಎಳೆದರು. ಇದರ ನಂತರ ಬಂದ ಕಾನೂನು ಏರ್‌ಲೈನಿನ ಕೋ-ಪೈಲಟ್‌ಗೂ ಸಾಮಾನ್ಯವಾಗಿ 1,500 ಗಂಟೆ ಬೇಕೆಂದಿತು. ಆದರೆ ಆ ವಿಮಾನದ ಕ್ಯಾಪ್ಟನ್‌ಗೆ 3,379 ಗಂಟೆ, ಕೋ-ಪೈಲಟ್‌ಗೆ 2,244 ಗಂಟೆ ಆಗಿತ್ತು. ಹೊಸ ನಿಯಮ ಅವತ್ತೇ ಇದ್ದಿದ್ದರೂ ಇಬ್ಬರೂ ಅದೇ ಸೀಟುಗಳಲ್ಲಿ ಕೂರುತ್ತಿದ್ದರು. ಕಡಿಮೆಯಿದ್ದದ್ದು ಬೇರೆ. ಸ್ಟಾಲ್‌ನಿಂದ ಹೊರಬರುವ ಅಭ್ಯಾಸ ಕೈಯಲ್ಲಿ ಕೂತಿರಲಿಲ್ಲ, ಇಬ್ಬರಿಗೂ ಸರಿಯಾದ ನಿದ್ದೆಯಿರಲಿಲ್ಲ, ಇಳಿಯುವ ಹೊತ್ತಿನಲ್ಲಿ ಕಾಕ್‌ಪಿಟ್ಟಿನಲ್ಲಿ ಕೆಲಸಕ್ಕೆ ಸಂಬಂಧಿಸದ ಹರಟೆ ನಡೆದಿತ್ತು. 10,000 ಅಡಿಯ ಕೆಳಗೆ ಅನಗತ್ಯ ಮಾತು ಕೂಡದೆಂಬ ನಿಯಮ ಇರುವುದೇ ಇದಕ್ಕೆ.

ಎಟಿಆರ್‌ನದ್ದು ಬೇರೆಯೇ ಪಾಠ. ಅದರಲ್ಲಿ ಪವರ್ ಲಿವರ್ ಎರಡು, ಪ್ರೊಪೆಲ್ಲರಿನ ಕಂಡಿಷನ್ ಲಿವರ್ ಎರಡು, ರೆಕ್ಕೆಯ ಹಿಂಬದಿಯ ಪಟ್ಟಿ ಇಳಿಸುವ ಫ್ಲಾಪ್ ಲಿವರ್ ಒಂದು, ಎಲ್ಲವೂ ಇಬ್ಬರ ನಡುವಿನ ಒಂದೇ ಕಟ್ಟೆಯ ಮೇಲೆ. ಕಂಡಿಷನ್ ಲಿವರನ್ನು ‘ಫೆದರ್’ಗೆ ಎಳೆದರೆ ಪ್ರೊಪೆಲ್ಲರಿನ ಎಲೆಗಳು ಗಾಳಿಗೆ ಅಲಗು ತೋರಿಸಿ ನಿಲ್ಲುತ್ತವೆ, ಮುಂದಕ್ಕೆ ಎಳೆಯುವ ಬಲ ಸೊನ್ನೆಯಾಗುತ್ತದೆ. ಕೆಟ್ಟ ಎಂಜಿನ್ನಿಗೆ ಮಾಡಬೇಕಾದ ಕೆಲಸ ಅದು. 2023ರ ಜನವರಿ 15ರಂದು ನೇಪಾಳದ ಪೊಖರಾದಲ್ಲಿ ಇಳಿಯಲು ತಿರುಗುತ್ತಿದ್ದ ಎಟಿಆರ್‌ನಲ್ಲಿ ಫ್ಲಾಪ್ ಎಂದುಕೊಂಡು ಎರಡೂ ಕಂಡಿಷನ್ ಲಿವರುಗಳನ್ನು ಫೆದರ್‌ಗೆ ಎಳೆದರು. ಎಂಜಿನ್ ಎರಡೂ ಓಡುತ್ತಿದ್ದವು, ವಿಮಾನವನ್ನು ಮುಂದಕ್ಕೆ ಎಳೆಯುವ ಬಲ ಮಾತ್ರ ಇರಲಿಲ್ಲ. 72 ಜನರಲ್ಲಿ ಯಾರೂ ಉಳಿಯಲಿಲ್ಲ. ಹೊಸ ನಿಲ್ದಾಣಕ್ಕೆ ಹೊಂದಿಕೊಳ್ಳಲು ಹಾರಿಸುತ್ತಿದ್ದ ಕ್ಯಾಪ್ಟನ್ ಎಡಗಡೆ, ಕಲಿಸುವ ಹಿರಿಯ ಕ್ಯಾಪ್ಟನ್ ಬಲಗಡೆ. ಲಿವರ್ ಎಳೆದದ್ದು ಬಲಗಡೆಯವರು. ಕಲಿಸುವವರ ಕೈಯೂ ತಪ್ಪುತ್ತದೆ.

ತೈವಾನಿನ ತೈಪೆಯಲ್ಲಿ 2015ರ ಫೆಬ್ರವರಿ 4ರಂದು ಇನ್ನೊಂದು ಎಟಿಆರ್‌ಗೆ ಆದದ್ದು ಇದಕ್ಕಿಂತ ಸರಳ. ಏರಿದ ಸ್ವಲ್ಪ ಹೊತ್ತಿಗೆ ಬಲ ಎಂಜಿನ್ನಿನ ಪ್ರೊಪೆಲ್ಲರ್ ತಾನಾಗಿ ಫೆದರ್ ಆಯಿತು, ಕ್ಯಾಪ್ಟನ್ ಚೆನ್ನಾಗಿದ್ದ ಎಡ ಎಂಜಿನ್ನನ್ನು ನಿಲ್ಲಿಸಿಬಿಟ್ಟರು. 43 ಜನ ಸತ್ತರು. ಇದನ್ನು ತಪ್ಪಿಸಲು ಕಲಿಸುವ ಕ್ರಮ ನಿಧಾನದ್ದು, ಬೇಸರ ತರುವಷ್ಟು ನಿಧಾನದ್ದು. ಎಂಜಿನ್ ಕೆಟ್ಟ ಕೂಡಲೇ ಯಾವ ಲಿವರನ್ನೂ ಮುಟ್ಟುವಂತಿಲ್ಲ. ಮೊದಲು ಮೂಗು ತಿರುಗಿಸುವ ರಡ್ಡರನ್ನು ಕಾಲಲ್ಲಿ ಒತ್ತಿ ನೇರ ಹಿಡಿ, ಚಕ್ರ ಒಳಗೆ ತೆಗೆದುಕೋ, ವೇಗ ನೋಡಿಕೊಂಡು ಕನಿಷ್ಠ 400 ಅಡಿವರೆಗೆ ಏರು. ನಂತರ ಎಂಜಿನ್ನಿನ ಬಲ ತೋರಿಸುವ ಟಾರ್ಕ್ ಮೀಟರ್ ನೋಡಿ ಯಾವುದು ಕೆಟ್ಟಿದೆ ಎಂದು ಬಾಯಲ್ಲಿ ಹೇಳು. ಒಬ್ಬರು ಲಿವರ್ ಮೇಲೆ ಕೈಯಿಟ್ಟು ‘ಎರಡನೇ ಎಂಜಿನ್, ಸರಿಯೇ?’ ಎಂದು ಕೇಳಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ ಖಚಿತಪಡಿಸಬೇಕು, ಆಮೇಲಷ್ಟೇ ಎಳೆಯಬೇಕು. ಶಾಲೆಯಲ್ಲಿ ಒಂಟಿಯಾಗಿ ಹಾರಿ ಬಂದ ಹುಡುಗನ ಕೈ ಮಾತಿಗಿಂತ ಮುಂದೆ ಓಡುತ್ತದೆ. ಒಂದು ಟನ್ನಿನ ಸೆಸ್ನಾದಿಂದ 23 ಟನ್ನಿನ ಎಟಿಆರ್‌ಗೆ ಬರುವಾಗ ತೂಕಕ್ಕೆ ಬೇಗ ಒಗ್ಗಬಹುದು. ಇಬ್ಬರಾಗಿ ಹಾರುವುದಕ್ಕೆ ಒಗ್ಗಲು ತಿಂಗಳುಗಳು ಬೇಕು. ಆದ್ದರಿಂದಲೇ ಸಿಮ್ಯುಲೇಟರಿನ ನಾಲ್ಕು ಗಂಟೆಯ ಪಾಠದಲ್ಲಿ ಎರಡು ಗಂಟೆ ಹಾರಿಸಿದರೆ ಇನ್ನೆರಡು ಗಂಟೆ ಇನ್ನೊಬ್ಬರನ್ನು ಗಮನಿಸುವುದನ್ನೇ ಕಲಿಯಬೇಕು. ಆ ಎರಡು ಗಂಟೆಯನ್ನು ವಿರಾಮವೆಂದುಕೊಂಡು ಕೂತವರೇ ಮುಂದೆ ಕೆಟ್ಟ ಕೋ-ಪೈಲಟ್ ಆಗುವುದು.

ಕೆಲಸಕ್ಕೆ ಸೇರಿದ ಮೇಲೂ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್ ಪರೀಕ್ಷೆ ತಪ್ಪುವುದಿಲ್ಲ. 90 ದಿನದಲ್ಲಿ ಮೂರು ಸಲ ಏರಿ ಇಳಿದಿರದಿದ್ದರೆ ಪ್ರಯಾಣಿಕರನ್ನು ಹೊತ್ತು ಹಾರುವಂತಿಲ್ಲ.

ನಮ್ಮವರಿಗೆ ಇದೆಲ್ಲಕ್ಕಿಂತ ಕಷ್ಟದ ಪಾಠ ಬಾಯಿ ಬಿಡುವುದು. 2010ರ ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ 158 ಜನ ಸತ್ತ ವಿಮಾನದ ಕ್ಯಾಪ್ಟನ್‌ಗೆ 10,000 ಗಂಟೆ ಮೀರಿದ ಅನುಭವವಿತ್ತು. ದುಬೈನಿಂದ ಬರುವ ದಾರಿಯಲ್ಲಿ ಸುಮಾರು 1 ಗಂಟೆ 40 ನಿಮಿಷ ಅವರು ನಿದ್ದೆಯಲ್ಲಿದ್ದರೆಂದು ಧ್ವನಿಮುದ್ರಿಕೆ ತೋರಿಸಿತು. ವಿಮಾನ ಇರಬೇಕಾದ್ದಕ್ಕಿಂತ ತುಂಬ ಎತ್ತರದಲ್ಲಿತ್ತು. ಗೋ ಅರೌಂಡ್ ಮಾಡಿ (ಇಳಿಯದೆ ಮತ್ತೆ ಮೇಲೇರಿ) ಎಂದು ಕೋ-ಪೈಲಟ್ ಮೂರು ಸಲ ಹೇಳಿದರು. ಕ್ಯಾಪ್ಟನ್ ಕೇಳಲಿಲ್ಲ. 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ಚಕ್ರ ನೆಲಕ್ಕೆ ತಾಗಿತು. ಟೇಬಲ್‌ಟಾಪ್ ರನ್‌ವೇ, ಮುಂದೆ ಕಣಿವೆ.

ಕೋ-ಪೈಲಟ್ ಹೇಳಿದ್ದು ಸರಿ. ಆದರೆ ಹೇಳುವುದರಲ್ಲಿ ಮೆಟ್ಟಿಲುಗಳಿವೆ. ಮೊದಲು ‘ಸಾರ್, ಎತ್ತರ ಜಾಸ್ತಿ ಇದೆ’ ಎಂದು ಸಂಗತಿ ತಿಳಿಸುವುದು. ಅದಕ್ಕೆ ತಿದ್ದುಪಡಿ ಆಗದಿದ್ದರೆ ‘ಈ ಅಪ್ರೋಚ್ (ಇಳಿದು ಬರುವ ಹಾದಿ) ಸರಿಯಿಲ್ಲ, ಗೋ ಅರೌಂಡ್’ ಎಂದು ಸ್ಪಷ್ಟವಾಗಿ ಕರೆಯುವುದು. ಎರಡು ಕರೆಗೂ ಉತ್ತರ ಬಾರದಿದ್ದರೆ, ಎದುರಿನವರು ಅಸ್ವಸ್ಥರೆಂದೇ ತಿಳಿದು ‘ಐ ಹ್ಯಾವ್ ಕಂಟ್ರೋಲ್ಸ್’ ಎಂದು ವಿಮಾನವನ್ನು ಕೈಗೆ ತೆಗೆದುಕೊಳ್ಳುವುದು. ಹಿರಿಯರಿಗೆ ಎದುರಾಡಬಾರದೆಂದು ಬೆಳೆಸಿದ ಮಕ್ಕಳು ಮೊದಲ ಮೆಟ್ಟಿಲಲ್ಲೇ ನಿಲ್ಲುತ್ತಾರೆ, ಅದನ್ನೂ ‘ಸ್ವಲ್ಪ ಹೈ ಇದೆಯೇನೋ ಸಾರ್’ ಎಂದು ಮೆತ್ತಗೆ ಮಾಡಿ ಹೇಳುತ್ತಾರೆ. ಆ ‘ಏನೋ’ ಬಹಳ ದುಬಾರಿ. ಮೂರನೆಯ ಮೆಟ್ಟಿಲನ್ನು ಸಿಮ್ಯುಲೇಟರಿನಲ್ಲಿ ಕ್ಯಾಪ್ಟನ್ ಬೇಕೆಂದೇ ಕಿವುಡಾಗಿ ನಟಿಸಿ ಕಲಿಸಬೇಕು. ಓದಿ ಬರುವ ವಿದ್ಯೆಯಲ್ಲ ಅದು.

ಇದಕ್ಕೆಲ್ಲ ಅಳತೆಗೋಲು ಬೇಕಲ್ಲ, ಅದೇ ಸ್ಥಿರ ಅಪ್ರೋಚಿನ ನಿಯಮ. ಮೋಡದಲ್ಲಿ ಬರುವಾಗ ರನ್‌ವೇಗಿಂತ 1,000 ಅಡಿ ಮೇಲೆ, ತಿಳಿಯಾಗಿದ್ದರೆ 500 ಅಡಿಯಲ್ಲಿ ಚಕ್ರ, ಫ್ಲಾಪ್, ವೇಗ, ದಾರಿ ಎಲ್ಲವೂ ಸರಿಯಿರಬೇಕು, ಇಳಿಯುವ ವೇಗ ನಿಮಿಷಕ್ಕೆ 1,000 ಅಡಿ ಮೀರಬಾರದು. ಒಂದು ತಪ್ಪಿದರೂ ಮೇಲೇರಬೇಕು. ಸಂಖ್ಯೆ ಹಿಡಿದು ಮಾತಾಡುವಾಗ ಕಿರಿಯನಿಗೂ ಸಂಕೋಚವಿರುವುದಿಲ್ಲ, ಹಿರಿಯನಿಗೂ ಅವಮಾನವಿಲ್ಲ.

ಕಂಪನಿಯ ನಡತೆ ಗೊತ್ತಾಗುವುದು ಗೋ ಅರೌಂಡ್ ಆದ ಮರುದಿನ. ಫೋನ್ ಮಾಡಿ ‘ಯಾಕೆ, ಇಂಧನ ಎಷ್ಟು ಹೋಯ್ತು’ ಎಂದು ಕೇಳಿದರೆ ಆ ಪೈಲಟ್ ಮುಂದಿನ ಸಲ ಹೇಗಾದರೂ ಇಳಿಸಲು ನೋಡುತ್ತಾನೆ. ವಿಮಾನದ ರೆಕಾರ್ಡರಿನ ಮಾಹಿತಿಯನ್ನು ಕಂಪನಿಗಳು ನಿಯಮದಂತೆ ಪರಿಶೀಲಿಸುತ್ತವೆ. ಗಟ್ಟಿಯಾಗಿ ನೆಲಕ್ಕೆ ತಾಗಿದ್ದಕ್ಕೆಲ್ಲ ನೋಟಿಸ್ ಕೊಟ್ಟರೆ ಏನಾಗುತ್ತದೆ? ಪೈಲಟ್‌ಗಳು ಮೆತ್ತಗೆ ಇಳಿಸಲು ರನ್‌ವೇ ಮೇಲೆ ತೇಲುತ್ತಾ ಹೋಗುತ್ತಾರೆ, ಒದ್ದೆ ರನ್‌ವೇಯ ಅರ್ಧ ಹಿಂದೆ ಉಳಿಯುತ್ತದೆ. ಮಳೆಯಲ್ಲಿ ಸ್ವಲ್ಪ ಧಡಕ್ಕನೆ, ಸರಿಯಾದ ಜಾಗದಲ್ಲಿ ಇಳಿದದ್ದೇ ಒಳ್ಳೆಯ ಲ್ಯಾಂಡಿಂಗ್. ಬೇಕೆಂದೇ ನಿಯಮ ಮುರಿದವನಿಗೆ ಶಿಕ್ಷೆ ಇರಲೇಬೇಕು, ಕುಡಿದು ಬಂದವನಿಗೆ ಮೊದಲ ಸಲಕ್ಕೇ ಮೂರು ತಿಂಗಳು ಲೈಸೆನ್ಸ್ ಅಮಾನತಾಗುವುದು ನ್ಯಾಯವೇ. ತಪ್ಪಾಯಿತೆಂದು ತಾನೇ ಬರೆದುಕೊಟ್ಟವನನ್ನು ಅದೇ ಸಾಲಿನಲ್ಲಿ ನಿಲ್ಲಿಸಿದರೆ ಬರೆಯುವವರು ಯಾರೂ ಉಳಿಯುವುದಿಲ್ಲ.

ದಣಿವಿನ ಲೆಕ್ಕವೂ ಸಣ್ಣ ವಿಮಾನದಲ್ಲಿ ಬೇರೆ. ದೂರದ ಜೆಟ್‌ನವರು ದಿನಕ್ಕೊಮ್ಮೆ ಇಳಿದರೆ ಎಟಿಆರ್‌ನವರು ನಾಲ್ಕೈದು ಸಲ ಇಳಿಯುತ್ತಾರೆ, ಅದೂ ಮೋಡದ ಮೇಲೆ ಹಾರದೆ ಮೋಡದೊಳಗೇ. ಮುಂಗಾರಿನಲ್ಲಿ ಸೊನ್ನೆ ಡಿಗ್ರಿಯ ಮಟ್ಟ ಸುಮಾರು 16ರಿಂದ 18 ಸಾವಿರ ಅಡಿ, ಎಟಿಆರ್ ಓಡಾಡುವುದೂ ಅಲ್ಲೇ. ಹಾಗಾಗಿ ಘಟ್ಟದ ಮೇಲೂ ರೆಕ್ಕೆಗೆ ಹಿಮ ಕಟ್ಟುತ್ತದೆ, ಆಗ ಕನಿಷ್ಠ ವೇಗದ ಗುರುತನ್ನು ಮೇಲಕ್ಕೆ ಸರಿಸಬೇಕು. ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಹೊಸ ನಿಯಮ ವಾರದ ವಿಶ್ರಾಂತಿಯನ್ನು 36ರಿಂದ 48 ಗಂಟೆಗೆ ಏರಿಸಿ, ರಾತ್ರಿ ಪಾಳಿಯ ಲ್ಯಾಂಡಿಂಗ್‌ಗಳನ್ನು ಆರರಿಂದ ಎರಡಕ್ಕೆ ಇಳಿಸಿದ್ದು ಸರಿಯಾದ ಹೆಜ್ಜೆ. ಅದಕ್ಕೆ ಬೇಕಾದಷ್ಟು ಪೈಲಟ್‌ಗಳನ್ನು ಮುಂಚೆಯೇ ಸೇರಿಸಿಕೊಳ್ಳುವುದು ಕಂಪನಿಯ ಕೆಲಸ.

ಆದ್ದರಿಂದ ಮಗಳು ಇಂಟರ್‌ವ್ಯೂಗೆ ಹೋದಾಗ ಸಂಬಳದ ಜೊತೆಗೆ ಇದನ್ನೂ ಕೇಳಲಿ: ಲೈನ್ ಟ್ರೇನಿಂಗ್ (ಪ್ರಯಾಣಿಕರಿರುವ ವಿಮಾನದಲ್ಲೇ ಕೊಡುವ ತರಬೇತಿ) ಮಳೆಗಾಲದಲ್ಲಿ ಬಿದ್ದರೆ ಅವಧಿ ಹೆಚ್ಚಿಸುತ್ತೀರಾ? ದಣಿದಿದ್ದೇನೆಂದು ಹೇಳಿದವರ ರೋಸ್ಟರ್ ಮುಂದೆ ಏನಾಗುತ್ತದೆ? ಇನ್ನು ಪ್ರಯಾಣಿಕರಿಗೆ. ಉಪಕರಣದ ನೆರವಿಲ್ಲದೆ ಕಣ್ಣಿಗೆ ಕಂಡಂತೆ ಇಳಿಯುವ ನಿಲ್ದಾಣದಲ್ಲಿ 5 ಕಿ.ಮೀ. ದೂರ ಕಾಣಬೇಕು. ಜುಲೈನ ಮಲೆನಾಡಿನಲ್ಲಿ ಬೆಳಗ್ಗೆ ಎಂಟಕ್ಕೆ ಎಷ್ಟು ಕಾಣುತ್ತದೆಂದು ಮೂಡಿಗೆರೆಯವರಿಗೆ, ಸಕಲೇಶಪುರದವರಿಗೆ ಹೇಳಿಕೊಡಬೇಕಿಲ್ಲ. ವಿಮಾನ ಎರಡು ಸುತ್ತು ಹಾಕಿ ಬೆಂಗಳೂರಿಗೆ ವಾಪಸಾದರೆ ಬಸ್ಸಿನ ದುಡ್ಡು ದಂಡವಾಯಿತೆಂದು ಬಾಗಿಲಲ್ಲಿ ನಿಂತ ಸಿಬ್ಬಂದಿಯ ಮೇಲೆ ಕೂಗಾಡಬೇಡಿ. ಆ ಕೂಗಾಟ ಒಂದಲ್ಲ ಒಂದು ದಾರಿಯಲ್ಲಿ ಕಾಕ್‌ಪಿಟ್ಟಿಗೂ ತಲುಪುತ್ತದೆ.