ಎತ್ತಿದ ಕೈ ಇಳಿಸಿದ್ದು ಯಾರು?

ಮೊನ್ನೆ ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಮಗಳು ಲ್ಯಾಪ್‌ಟಾಪ್ ಮೇಲೆ ಹಾಲು ಚೆಲ್ಲಿಬಿಟ್ಟಳು. ನನ್ನ ಕೈ ತಾನಾಗಿ ಮೇಲಕ್ಕೆ ಹೋಯಿತು. ಅವಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಆ ಮುಖ ನೋಡಿದ್ದೇ ಕೈ ಅರ್ಧಕ್ಕೇ ನಿಂತಿತು. ಎತ್ತಬೇಕು ಅಂತ ನಾನು ಯೋಚಿಸಿರಲಿಲ್ಲ. ಇಳಿಸಿದ್ದು ಮಾತ್ರ ನಾನೇ ಅಂತ ಅನ್ನಿಸಿತು. ನಿಜಕ್ಕೂ ನಾನೇನಾ?

ಇಂಥ ಅನ್ನಿಸಿಕೆಯನ್ನು ಲ್ಯಾಬಿನಲ್ಲಿ ಅಳೆದವರಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಮೆದುಳು ವಿಜ್ಞಾನಿ ಬೆಂಜಮಿನ್ ಲಿಬೆಟ್ 1983ರಲ್ಲಿ ಪ್ರಕಟಿಸಿದ ಪ್ರಯೋಗ ಸರಳವಾಗಿತ್ತು. ತಲೆಗೆ ಎಲೆಕ್ಟ್ರೋಡ್ ಅಂಟಿಸಿಕೊಂಡು ಕೂರಬೇಕು. ಎದುರಿನ ಗಡಿಯಾರದಲ್ಲಿ ಬೆಳಕಿನ ಚುಕ್ಕೆಯೊಂದು 2.56 ಸೆಕೆಂಡಿಗೆ ಒಂದು ಸುತ್ತು ಬರುತ್ತಿರುತ್ತದೆ. ಮನಸ್ಸು ಬಂದಾಗ ಸುಮ್ನೆ ಮಣಿಕಟ್ಟು ಆಡಿಸಬೇಕು. ಹಾಗೆ ಮನಸ್ಸಾದ ಕ್ಷಣ ಚುಕ್ಕೆ ಎಲ್ಲಿತ್ತು ಅಂತ ಆಮೇಲೆ ಹೇಳಬೇಕು, ಅಷ್ಟೇ.

ಕೈ ಆಡುವುದಕ್ಕೆ ಸುಮಾರು 0.2 ಸೆಕೆಂಡ್ ಮುಂಚೆ ಮನಸ್ಸಾಯಿತು ಅಂತ ಜನ ಹೇಳಿದರು. ಆದರೆ ಮೆದುಳಿನ ವಿದ್ಯುತ್ ತಯಾರಿ 0.55 ಸೆಕೆಂಡ್ ಮುಂಚೆಯೇ ಶುರುವಾಗಿತ್ತು. ಅಂದರೆ ನಮಗೆ ಗೊತ್ತಾಗುವ ಮೊದಲೇ ಮೆದುಳು ಹೊರಟುಬಿಟ್ಟಿತ್ತು. ‘ಸ್ವಂತ ಇಚ್ಛೆ ಅನ್ನೋದೇ ಸುಳ್ಳು’ ಎಂಬ ಮಾತು ಅಲ್ಲಿಂದ ಜೋರಾಯಿತು.

ನನಗೆ ಅದು ಅವಸರದ ತೀರ್ಮಾನ ಅನ್ನಿಸುತ್ತದೆ. 2012ರಲ್ಲಿ ಆರನ್ ಶರ್ಗರ್ ಎಂಬ ಮೆದುಳು ವಿಜ್ಞಾನಿ ಮತ್ತು ಜೊತೆಗಾರರು, ಆ ತಯಾರಿಯನ್ನು ತೋರಿಸುವ ಗ್ರಾಫಿನ ಗೆರೆಗೆ ಬೇರೆ ಅರ್ಥ ಕೊಟ್ಟರು. ಮೆದುಳಿನಲ್ಲಿ ಸದಾ ಏರಿಳಿತ ಇರುತ್ತದೆ. ಯಾವಾಗ ಆಡಿಸಿದರೂ ನಡೆಯುತ್ತದೆ ಅಂದಾಗ, ಅಲೆ ಮೇಲಿದ್ದಾಗ ಕೈ ಆಡುವುದೇ ಜಾಸ್ತಿ. ಕೈ ಆಡಿದ ಕ್ಷಣದಿಂದ ಹಿಂದಕ್ಕೆ ಎಣಿಸಿ ಹತ್ತಾರು ಸಲದ ಸರಾಸರಿ ತೆಗೆದರೆ, ಮೊದಲೇ ನಿರ್ಧಾರ ಆಗಿತ್ತೇನೋ ಎಂಬಂತೆ ಗೆರೆ ಮೇಲೇರುತ್ತದೆ. ಸ್ವತಃ ಲಿಬೆಟ್ ಕೂಡ ಇಚ್ಛೆಯನ್ನು ಅಲ್ಲಗಳೆಯಲಿಲ್ಲ. ಆಸೆ ತಾನಾಗಿ ಏಳಬಹುದು, ಆದರೆ ಕೊನೇ ಗಳಿಗೆಯಲ್ಲಿ ಬೇಡ ಅನ್ನುವ ಅಧಿಕಾರ ನಮಗಿದೆ ಅಂತಲೇ ಅವರು ವಾದಿಸಿದರು. ಬ್ರೇಕ್ ಇದೆ ಅಂತ.

ಹಾಗಾದರೆ ಆ ಬ್ರೇಕೇ ಕೆಟ್ಟರೆ?

ಅಮೆರಿಕದ ವರ್ಜೀನಿಯಾದಲ್ಲಿ 2000ದಲ್ಲಿ ಹಾಗೇ ಆಯಿತು. ನಲವತ್ತು ವರ್ಷದ ಮೇಷ್ಟ್ರೊಬ್ಬರಿಗೆ ಇದ್ದಕ್ಕಿದ್ದಂತೆ ಮಕ್ಕಳ ಮೇಲೆ ಕೆಟ್ಟ ಆಸೆ ಹುಟ್ಟಿತು. ಮುಂಚೆ ಅಂಥದ್ದು ಇರಲಿಲ್ಲ. ಕೊನೆಗೆ ಮಲಮಗಳ ಹತ್ತಿರವೇ ತಪ್ಪಾಗಿ ನಡೆದುಕೊಂಡು ಸಿಕ್ಕಿಬಿದ್ದರು. ತಪ್ಪು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಎಲ್ಲವನ್ನೂ ಮುಚ್ಚಿಡಲು ಒದ್ದಾಡಿದ್ದರು. ತಡೆದುಕೊಳ್ಳಲು ಮಾತ್ರ ಆಗಿರಲಿಲ್ಲ. ಸ್ಕ್ಯಾನ್ ಮಾಡಿದಾಗ ಬಲಗಣ್ಣಿನ ಮೇಲ್ಭಾಗದ ಮೆದುಳನ್ನು ಒತ್ತುತ್ತಿದ್ದ, ಮೊಟ್ಟೆ ಗಾತ್ರದ ಗಡ್ಡೆ ಕಂಡಿತು. ತೆಗೆದ ಮೇಲೆ ಆಸೆ ಹೋಯಿತು. ಮರುವರ್ಷ ತಲೆನೋವಿನ ಜೊತೆ ಅದು ಮತ್ತೆ ಬಂತು. ಗಡ್ಡೆಯೂ ಮತ್ತೆ ಬೆಳೆದಿತ್ತು.

ಇಲ್ಲಿ ಒಬ್ಬರು ಕೇಳಬಹುದು: ಗಡ್ಡೆ ಕಾರಣ ಅಂದರೆ ಅವರನ್ನು ಬಿಡುತ್ತೀರಿ. ನನ್ನ ಸಿಟ್ಟಿಗೂ ಅಪ್ಪನಿಂದ ಬಂದ ಜೀನ್, ಕಳೆದ ಬಾಲ್ಯ, ನಿನ್ನೆಯ ನಿದ್ದೆಗೇಡು ಕಾರಣ. ಎಲ್ಲ ಹಣೆಬರಹ ಅಂದಮೇಲೆ ಯಾರನ್ನೂ ಬೈಯೋ ಹಾಗಿಲ್ಲ, ಅಲ್ವಾ?

ನಾನು ಒಪ್ಪುವುದಿಲ್ಲ. ಸ್ಕೂಟರಿನ ಬ್ರೇಕ್ ಹಿಡಿಯುವುದೂ ಭೌತಶಾಸ್ತ್ರದ ನಿಯಮದಿಂದ, ಹಿಡಿಯದೆ ಇರುವುದೂ ಅದೇ ನಿಯಮದಿಂದ. ಅಂದಮಾತ್ರಕ್ಕೆ ಎರಡೂ ಸ್ಕೂಟರ್ ಒಂದೇ ಅಲ್ಲ. ನನ್ನ ಕೈ ನಿಂತದ್ದಕ್ಕೂ ಕಾರಣ ಇತ್ತು: ಮಗಳ ಮುಖ. ಆ ಮುಖ ನೋಡಿ ಬದಲಾಗಬಲ್ಲವನಾಗಿದ್ದೆ ನಾನು. ಕಾರಣಗಳ ಸರಪಳಿಯಿಂದ ತಪ್ಪಿಸಿಕೊಳ್ಳುವುದೇ ಸ್ವಾತಂತ್ರ್ಯ ಅಲ್ಲ, ನಮ್ಮ ಇಚ್ಛೆಯಂತೆ ನಡೆಯಲು ಅಡ್ಡಿ ಇಲ್ಲದಿರುವುದು ಸ್ವಾತಂತ್ರ್ಯ ಅಂತ ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 18ನೇ ಶತಮಾನದಲ್ಲೇ ಹೇಳಿದ್ದರು. ಅದಕ್ಕೆ ನಾನು ಒಂದು ಸೇರಿಸುತ್ತೇನೆ. ಆ ಅಡ್ಡಿ ತಲೆಯೊಳಗೂ ಇರಬಹುದು.

ನಮ್ಮ ಕಾನೂನು ನನ್ನನ್ನು ಕಾಡುವುದು ಇಲ್ಲೇ. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ, 1860ರ ದಂಡ ಸಂಹಿತೆಯಲ್ಲಿದ್ದ 84ನೇ ಕಲಮಿನದೇ ಮುಂದುವರಿಕೆ. ಬುದ್ಧಿ ಸ್ವಾಧೀನದಲ್ಲಿ ಇಲ್ಲದೆ, ತಾನು ಏನು ಮಾಡುತ್ತಿದ್ದೇನೆ ಅಂತಲೋ ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಅಂತಲೋ ತಿಳಿಯಲಾಗದವನಿಗೆ ಅದು ಮಾಫಿ ಕೊಡುತ್ತದೆ. ಗೊತ್ತಿತ್ತಾ ಅಂತ ಕೇಳುತ್ತದೆ, ನಿಲ್ಲಿಸಲು ಆಗುತ್ತಿತ್ತಾ ಅಂತ ಕೇಳುವುದಿಲ್ಲ. ಆ ಮೇಷ್ಟ್ರಿಗೆ ಗೊತ್ತಿತ್ತು. ಅವರು ಮುಚ್ಚಿಟ್ಟದ್ದೇ ಅದಕ್ಕೆ ಸಾಕ್ಷಿಯಾಗುತ್ತಿತ್ತು.

ಮಲಮಗಳಿಗೆ ರಕ್ಷಣೆ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಮೇಷ್ಟ್ರನ್ನು ಮನೆಯಿಂದ ದೂರ ಇಟ್ಟದ್ದು ಸರಿ. ಆದರೆ ದೂರ ಇಡುವುದು ಬೇರೆ, ದುಷ್ಟ ಅಂತ ದೂಷಿಸುವುದು ಬೇರೆ.

ಅವರಿಗೆ ಶಿಕ್ಷೆ ಎಷ್ಟು ಅಂತ ಕೋರ್ಟ್ ಮರುದಿನ ಹೇಳುವುದಿತ್ತು. ಹಿಂದಿನ ಸಂಜೆ ತಲೆನೋವು ಅಂತ ಆಸ್ಪತ್ರೆಗೆ ಹೋದರು. ಸ್ಕ್ಯಾನ್ ಆದದ್ದು ಹಾಗೆ.