ಓದುಗರ ಪ್ರಶ್ನೆ: ಅಷ್ಟು ಪುಟ್ಟ ಪೋರ್ಚುಗಲ್ ನಮ್ಮ ಕಡಲನ್ನು ಹೇಗೆ ಹಿಡಿಯಿತು?

ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವುದರಲ್ಲೂ ನ್ಯಾಯವಿದೆ. 1500ರ ಹೊತ್ತಿಗೆ ಪೋರ್ಚುಗಲ್‌ನಲ್ಲಿದ್ದ ಜನ 10 ಲಕ್ಷದ ಆಸುಪಾಸು. ಅಲ್ಲಿಂದ ಇಲ್ಲಿಗೆ ಬರಲು ಆರು ತಿಂಗಳಾದರೂ ಬೇಕಿತ್ತು. ಆದರೂ ವಾಸ್ಕೋ ಡ ಗಾಮ 1498ರಲ್ಲಿ ಕೋಳಿಕ್ಕೋಡಿಗೆ ಬಂದ 20 ವರ್ಷದೊಳಗೆ ಗೋವಾ, ಈಗಿನ ಮಲೇಷ್ಯಾದ ಮಲಕ್ಕಾ, ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಮೂರೂ ಅವರ ಕೈಸೇರಿದ್ದವು.

ನಿಜ ಹೇಳಬೇಕೆಂದರೆ ಅವರು ಕಡಲನ್ನು ಪೂರ್ತಿ ಹಿಡಿಯಲೇ ಇಲ್ಲ. ಹಿಡಿದದ್ದು ಕೆಲವು ಆಯಕಟ್ಟಿನ ಬಂದರುಗಳನ್ನು. ಅಲ್ಲಿ ಕೂತು ಟೋಲ್ ಗೇಟ್ ಹಾಕಿದರು, ಅಷ್ಟೇ. ವ್ಯಾಪಾರಿ ಹಡಗುಗಳು ಅವರಿಂದ 'ಕರ್ತಾಸ್' ಎಂಬ ಪರವಾನಗಿ ಚೀಟಿ ಪಡೆಯಬೇಕಿತ್ತು. ಚೀಟಿಗೆ ಕೊಡುವ ದುಡ್ಡು ದೊಡ್ಡದಲ್ಲ. ಅವರ ಬಂದರಿಗೆ ಬಂದು ಸುಂಕ ಕಟ್ಟಬೇಕಲ್ವಾ, ಆದಾಯವಿದ್ದದ್ದು ಅಲ್ಲಿ. ಚೀಟಿ ಇಲ್ಲದೆ ಸಿಕ್ಕಿಬಿದ್ದರೆ ಹಡಗೂ ಹೋಯಿತು, ಸರಕೂ ಹೋಯಿತು. ನೂರಾರು ವರ್ಷ ಎಲ್ಲರೂ ಓಡಾಡಿದ ಕಡಲಿನಲ್ಲಿ ಹೀಗೆ ಅಪ್ಪಣೆ ಕೇಳಿ ಎನ್ನುವುದು ಶುದ್ಧ ದಬ್ಬಾಳಿಕೆ.

ದಬ್ಬಾಳಿಕೆ ನಡೆದದ್ದು ಫಿರಂಗಿಗಳಿಂದ. ಅರಬ್ಬೀ ಸಮುದ್ರದಲ್ಲಿ ತೆಂಗಿನ ನಾರಿನಿಂದ ಹಲಗೆ ಹೊಲಿದ ಹಡಗುಗಳು ಜಾಸ್ತಿ. ಸರಕು ಸಾಗಿಸಲು ಅವು ಚೆನ್ನಾಗಿದ್ದವು, ಭಾರದ ಫಿರಂಗಿ ಹೊತ್ತು ಕಾದಾಡಲು ಅಲ್ಲ. 1509ರಲ್ಲಿ ದೀವ್ ಬಳಿ ಈಜಿಪ್ಟ್, ಗುಜರಾತ್ ಮತ್ತು ಕೋಳಿಕ್ಕೋಡಿನ ರಾಜ ಸಾಮೂದಿರಿ ಸೇರಿ ಎದುರಿಸಿದರೂ ಸೋತರು.

ಆದರೆ ಸುಮ್ನೆ ಫಿರಂಗಿ ಫಿರಂಗಿ ಎಂದರೆ ಅರ್ಧ ಕತೆ ಬಿಟ್ಟಂತೆ. ಸಾಮೂದಿರಿಯ ಮೇಲೆ ಹಗೆಯಿದ್ದ ಕೊಚ್ಚಿಯ ರಾಜ ಅವರಿಗೆ ನೆಲೆ ಕೊಟ್ಟ. ಗೋವಾ ವಿಷಯದಲ್ಲಂತೂ ನಮ್ಮ ಹೊನ್ನಾವರದ ಪಾತ್ರವೇ ಇದೆ. 1505ರಲ್ಲಿ ಪೋರ್ಚುಗೀಸರು ಇದೇ ಹೊನ್ನಾವರದಲ್ಲಿ ಹಡಗುಗಳನ್ನು ಸುಟ್ಟಿದ್ದರು. ಐದು ವರ್ಷ ಕಳೆದಾಗ ಅಲ್ಲಿನ ಕಡಲ ನಾಯಕ ತಿಮ್ಮೋಜ ಅವರ ಜೊತೆಗಾರ! ಗೋವಾ ಮೇಲೆ ಬೀಳಿ ಎಂದು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್‌ಗೆ ಹೇಳಿದವನೂ ಅವನೇ.

1510ರ ಆರಂಭದಲ್ಲಿ, ಬಿಜಾಪುರದ ವಶದಲ್ಲಿದ್ದ ಆ ಊರು ಹೆಚ್ಚು ಹೊಡೆದಾಟವಿಲ್ಲದೆ ಸಿಕ್ಕಿತು. ಮೇ ತಿಂಗಳಲ್ಲಿ ಬಿಜಾಪುರದ ಸೈನ್ಯ ಬಂದು ಓಡಿಸಿತು. ಅಷ್ಟರಲ್ಲಿ ಮಳೆಗಾಲ. ಕಡಲಿಗೆ ಇಳಿಯುವಂತಿಲ್ಲ, ದಡಕ್ಕೆ ಹತ್ತುವಂತಿಲ್ಲ. ವಾರಗಟ್ಟಲೆ ಹಡಗುಗಳು ಮಾಂಡವಿ ನದಿಯಲ್ಲೇ ಸಿಕ್ಕಿಕೊಂಡವು. ನವೆಂಬರ್ 25ರಂದು ಅಲ್ಬುಕರ್ಕ್ ಮತ್ತೆ ಊರು ಗೆದ್ದ. ಆಮೇಲೆ ಅಲ್ಲಿನ ಮುಸ್ಲಿಮರ ಕಗ್ಗೊಲೆ ನಡೆಯಿತು. ಅದನ್ನು ಅವನು ಮುಚ್ಚಿಡಲೂ ಇಲ್ಲ, ತನ್ನ ರಾಜನಿಗೆ ಬರೆದು ತಿಳಿಸಿದ.

ವಿಜಯನಗರ ಯಾಕೆ ಅಡ್ಡ ಬರಲಿಲ್ಲ? ಕೃಷ್ಣದೇವರಾಯನಿಗೆ ಬೇಕಾಗಿದ್ದದ್ದು ಕುದುರೆ. ಅರೇಬಿಯಾ, ಪರ್ಷಿಯಾದ ಕುದುರೆಗಳು ಇಳಿಯುತ್ತಿದ್ದ ದೊಡ್ಡ ಬಂದರು ಗೋವಾ. ಅದು ಬಿಜಾಪುರದ ಕೈತಪ್ಪಿದರೆ ಅವನಿಗೆ ನಷ್ಟವೇನಿರಲಿಲ್ಲ. ಅಲ್ಬುಕರ್ಕ್‌ಗೂ ಇದು ಗೊತ್ತಿತ್ತು. ಕುದುರೆ ಹಡಗುಗಳೆಲ್ಲ ಗೋವಾಕ್ಕೇ ಬರಬೇಕೆಂದು ಒತ್ತಾಯ ಹೇರಿ, ಅದನ್ನೇ ರಾಜಕೀಯದ ದಾಳವಾಗಿ ಬಳಸಿದ.

ಇನ್ನು ಅವರ ಹಿಡಿತ ಎಷ್ಟು ಗಟ್ಟಿ? ಕೆಂಪು ಸಮುದ್ರದ ಬಾಗಿಲಲ್ಲಿದ್ದ ಏಡನ್ ಮೇಲೆ 1513ರಲ್ಲಿ ದಾಳಿ ಮಾಡಿದರು, ಗೆಲ್ಲಲಿಲ್ಲ. ಆ ಬಾಗಿಲು ತೆರೆದೇ ಉಳಿಯಿತು. ಅವರ ಅಧಿಕಾರಿಗಳೇ ಕಳ್ಳವ್ಯಾಪಾರದಲ್ಲಿ ಪಾಲುದಾರರು ಬೇರೆ. 1550ರ ಹೊತ್ತಿಗೆ ಕಾಳುಮೆಣಸು ಹಳೇ ದಾರಿಯಲ್ಲೇ ಈಜಿಪ್ಟ್ ಮುಟ್ಟಿ, ಅಲ್ಲಿಂದ ವೆನಿಸ್‌ಗೆ ಮತ್ತೆ ಧಾರಾಳವಾಗಿ ಹೋಗುತ್ತಿತ್ತು.